ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಮುರಿದ ಮೆಣಸಿನಕಾಯಿ

ಅಪ್ಪ ಕಾಲು ಮುರಿದುಕೊಂಡು ಮಂಚ ಹಿಡಿದಿದ್ದ ವರ್ಷ ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಅಂಗಡಿಯ ಗಾದಿಯ ಮೇಲೆ ನಾನು ಕೂತಿದ್ದೆ. "ಹೆಣ್ಣಹುಡುಗಿಗೆ ವ್ಯಾಪಾರ ಏನ್ ತಿಳೀತೈತಿ?" ಎಂದು ಕಾಕಾ ದಿನಕ್ಕೆ ನಾಲ್ಕು ಸಲ ಅನ್ನುತ್ತಿದ್ದ. ಒಂದು ಬೆಳಿಗ್ಗೆ ಬೆಂಗಳೂರಿನ ಮಸಾಲೆ ಕಂಪನಿಯಿಂದ ಫೋನು ಬಂತು. ಖರೀದಿ ಸಾಹೇಬರು ಸಂಜೆಯೇ ಹೊರಡುತ್ತಾರೆ, ಅಷ್ಟರೊಳಗೆ ಸ್ಯಾಂಪಲ್ ತೋರಿಸಬೇಕು. ವಿಮಾನವೊಂದೇ ದಾರಿ.

"ಆರ್ಡರ್ ತಂದ್ರ ಗಾದಿ ಆಕೀದು. ಬರಿಗೈಲೆ ಬಂದ್ರ ನಾಳಿಂದ ನೀನ ಕುಂದ್ರು," ಎಂದು ಅಪ್ಪ ಕಾಕಾನಿಗೆ ಮಾತು ಕೊಟ್ಟುಬಿಟ್ಟ. ನನ್ನನ್ನು ಒಂದು ಮಾತು ಕೇಳಬಾರದೇ? ಸಿಟ್ಟಿನಲ್ಲಿ ಚಹಾ ಕೂಡ ಕುಡಿಯದೆ ಸ್ಯಾಂಪಲ್ ಚೀಲ ಹಿಡಿದು ಜೀಪು ಹತ್ತಿದೆ.

ಹುಬ್ಬಳ್ಳಿಯ ವಿಮಾನ ನಿಲ್ದಾಣ ಆಗ ನಮ್ಮ ಹಾವೇರಿ ಬಸ್ ಸ್ಟ್ಯಾಂಡಿಗಿಂತ ಚಿಕ್ಕದು. ಇಸ್ತ್ರಿ ಅಂಗಿ ತೊಟ್ಟು, ಲ್ಯಾಪ್‌ಟಾಪ್ ಚೀಲ ಹಿಡಿದ ಸಾಹೇಬರ ಸಾಲಿನಲ್ಲಿ ನಾನೊಬ್ಬಳೇ ಹೆಂಗಸು. ತಪಾಸಣೆಯ ಪೊಲೀಸಪ್ಪ ನನ್ನ ಚೀಲ ಬಿಚ್ಚಿಸಿ, ಒಂದು ಮೆಣಸಿನಕಾಯಿ ಎತ್ತಿ ಹಿಂದೆ ಮುಂದೆ ತಿರುಗಿಸಿದ. ನಮ್ಮ ಪೇಟೆಯಲ್ಲಿ ಕಾಯಿ ಎತ್ತಿ ತಿರುಗಿಸಿದವನು ಗಿರಾಕಿ! ನನ್ನ ಕೈ ತಡೆಯಲಿಲ್ಲ. ಅದನ್ನು ಇಸಿದುಕೊಂಡು, ಚಟ್ಟನೆ ಮುರಿದು, ಬೀಜ ಕೊಡವಿ, ಬೆವರಿದ ಅಂಗೈಗೆ ತಿಕ್ಕಿ, "ಬಣ್ಣ ನೋಡ್ರಿ ಸಾಹೇಬ್ರ!" ಎಂದು ಅವನ ಮುಖದ ಮುಂದೆ ಹಿಡಿದೆ.

ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ಖರೇ. ಆದರೆ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತಲ್ಲ! ಸಾಲಿಗೆ ಸಾಲೇ ಆಕ್ಷಿ ಆಕ್ಷಿ ಎಂದು ಸೀನಿತು.

"ಏನವಾ, ವಿಮಾನ ಬಿಟ್ಟು ನಮ್ಮನ್ನ ಹಾರಸಾಕ ಬಂದೀಯೇನ?" ಎಂದ ಪೊಲೀಸಪ್ಪ, ಕಣ್ಣು ಒರೆಸಿಕೊಳ್ಳುತ್ತ. "ನೀ ಹೋಗು. ಈ ಚೀಲ ಮಾತ್ರ ಒಳಗ ಬರಂಗಿಲ್ಲ."

ಬೇಡಿಕೊಂಡೆ, ಜಗಳ ಆಡಿದೆ. ಏನೂ ನಡೆಯಲಿಲ್ಲ. ಚೀಲ ಜೀಪಿನಲ್ಲಿ ವಾಪಸಾಯಿತು. ವಿಮಾನದ ಸೀಟಿನಲ್ಲಿ ಕೂತಾಗ ಕಾಕಾನ ನಗು ನೆನೆದು ಅಳು ಬಂತು. ಆಗ ನೋಡಿದೆ, ಅಂಗೈ ಕೆಂಪಗೆ ಹೊಳೆಯುತ್ತಿತ್ತು. ಅಯ್ಯ, ಸ್ಯಾಂಪಲ್ ಇಲ್ಲೇ ಐತಲ್ಲ! ಮುಂದೆ ಆ ಕೈಯಿಂದ ಏನನ್ನೂ ಮುಟ್ಟಲಿಲ್ಲ. ನೀರು ಕೊಟ್ಟರೆ ಎಡಗೈಯಲ್ಲಿ ತೆಗೆದುಕೊಂಡೆ. ಮೂಗು ತುರಿಸಿ ಪ್ರಾಣ ಹೋದರೂ ಸುಮ್ಮನಿದ್ದೆ.

ಬೆಂಗಳೂರಿನಲ್ಲಿ ಖರೀದಿ ಸಾಹೇಬರಿಗೆ ನಡೆದದ್ದನ್ನೆಲ್ಲ ಹೇಳಿ ಕೈ ಚಾಚಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬಿಳಿ ಕರ್ಚೀಫು ತೆಗೆದು ನನ್ನ ಅಂಗೈ ಮೇಲೆ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದೇ ಮಾಲು ಎಷ್ಟಿದೆಯೋ ಅಷ್ಟೂ ಕಳಿಸಮ್ಮ," ಎಂದರು.

ಹೊರಗೆ ಬಂದು ಅಪ್ಪನಿಗೆ ಫೋನು ಮಾಡಿದೆ. ನನ್ನ ಮಾತು ಮುಗಿಯುವ ಮೊದಲೇ ಅವನು ಮನೆ ಮುಂದಿನ ಅಂಗಡಿಗೂ ಕೇಳುವ ಹಾಗೆ ಕಾಕಾನಿಗೆ ಕೂಗಿದ್ದು ಕೇಳಿಸಿತು: "ಲೇ ತಮ್ಮಾ, ಗಾದಿ ಮ್ಯಾಲಿಂದ ಏಳು! ಅದು ನನ್ನ ಮಗಳ ಜಾಗಾ!"

ಖುಷಿಗೆ ಕಣ್ಣು ತುಂಬಿ ಬಂತು. ಮರೆತು ಅದೇ ಕೈಯಿಂದ ಒರೆಸಿಕೊಂಡೆ. ಅಯ್ಯಯ್ಯೋ ಎಂದು ಕೂಗುತ್ತ, ಅಳುತ್ತ, ನಗುತ್ತ ನಲ್ಲಿ ಹುಡುಕಿಕೊಂಡು ಓಡಿದೆ.