ಒಂಬತ್ತರ ಬಾಲ

ಅಪ್ಪನ ಕ್ಯಾಲ್ಕುಲೇಟರಿನಲ್ಲಿ ಸಮ ಚಿಹ್ನೆಯ ಗುಂಡಿಯೇ ಇರಲಿಲ್ಲ. ಎರಡಕ್ಕೆ ಮೂರು ಕೂಡಿಸಬೇಕಾದರೆ ಮೊದಲು ಎರಡು, ಆಮೇಲೆ 'ಎಂಟರ್', ಆಮೇಲೆ ಮೂರು, ಎಲ್ಲಕ್ಕಿಂತ ಕೊನೆಗೆ ಕೂಡಿಸುವ ಗುಂಡಿ. ಕಚೇರಿಯಲ್ಲಿ ಯಾರಾದರೂ "ಒಂದ್ನಿಮಿಷ ಕೊಡಿ ಸಾರ್" ಎಂದು ಇಸಿದುಕೊಂಡರೆ ಅರ್ಧ ನಿಮಿಷಕ್ಕೆ ವಾಪಸು ತಂದಿಡುತ್ತಿದ್ದರಂತೆ. ಅಪ್ಪನಿಗೂ ಬೇಕಾಗಿದ್ದು ಅದೇ. ಹಳೆಯ ಅಣೆಕಟ್ಟೊಂದರ ಕೆಲಸದಲ್ಲಿದ್ದಾಗ ಪರದೇಶದ ಇಂಜಿನಿಯರೊಬ್ಬ ಊರಿಗೆ ಹೊರಡುವ ಮುಂಚೆ ಕೊಟ್ಟು ಹೋದದ್ದು. ಅಂಗೈಯಷ್ಟು ಅಗಲ, ಒಂದೊಂದು ಗುಂಡಿಗೆ ಮೂರು ಬಣ್ಣದಲ್ಲಿ ಮೂರು ಕೆಲಸ. ನನ್ನನ್ನು ಎತ್ತಿಕೊಂಡದ್ದಕ್ಕಿಂತ ಅದನ್ನು ಹಿಡಿದುಕೊಂಡದ್ದೇ ಹೆಚ್ಚು ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಸುಳ್ಳೇನಲ್ಲ.

ನಮ್ಮ ಮನೆ ಶಿಕಾರಿಪುರದಲ್ಲಿ, ಅಪ್ಪನ ಕಚೇರಿ ಸೊರಬದಲ್ಲಿ. ಕೆರೆಗಳ ಏರಿ, ತೂಬು, ಕೋಡಿ ಇವುಗಳ ಅಳತೆ, ನಕ್ಷೆ, ದುರಸ್ತಿ ಅವರ ಕೆಲಸ. ದಿನಾ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಪಡಸಾಲೆಯಲ್ಲಿ ನಿಂತು, ವಿಭೂತಿ ಆರುವ ಮೊದಲೇ, ಆ ಯಂತ್ರದಲ್ಲಿ ಒಂದು ಲೆಕ್ಕ ಮಾಡುತ್ತಿದ್ದರು. ಒಂಬತ್ತು ಒತ್ತುವುದು. ಅದರ ಸೈನ್, ಬಂದದ್ದರ ಕಾಸ್, ಅದರ ಟ್ಯಾನ್. ಆಮೇಲೆ ಹೋದ ದಾರಿಯಲ್ಲೇ ಹಿಂದಕ್ಕೆ ಬರುವುದು. ಎಲ್ಲಾ ಸರಿಯಾಗಿದ್ದರೆ ಮತ್ತೆ ಒಂಬತ್ತು ಬರಬೇಕು. ಅಪ್ಪ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಒಂಬತ್ತು ಬಂತು, ಬರ್ತೀನಿ" ಎಂದು ಚಪ್ಪಲಿ ಮೆಟ್ಟುತ್ತಿದ್ದರು. ಇಪ್ಪತ್ತು ವರ್ಷ ಹತ್ತಿರ ಹತ್ತಿರ ಈ ಮಾತು ಕೇಳಿದ್ದೇನೆ. ಒಂದು ದಿನವೂ ಎದ್ದು ಹೋಗಿ ಆ ಪರದೆಯಲ್ಲಿ ಏನಿದೆ ಎಂದು ಬಗ್ಗಿ ನೋಡಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ, ಸೊರಬದ ಕಚೇರಿಯಲ್ಲೇ, ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಮಾತು ನಿಂತಿತು. ಬಾಯಿಂದ "ಆ" ಎನ್ನುವ ಒಂದು ಸದ್ದು ಮಾತ್ರ ಬರುತ್ತಿತ್ತು. ಯಾರನ್ನೋ ನೋಡಿ ಸುಮ್ಮನೆ ಅಳುವುದು, ಯಾರೂ ಇಲ್ಲದಾಗ ನಗುವುದು. ಶಿವಮೊಗ್ಗದ ಡಾಕ್ಟರು, "ಎಷ್ಟು ತಿಳೀತದೆ ಎಷ್ಟಿಲ್ಲ ಅಂತ ನಾನು ಹೇಳಕ್ಕಾಗಲ್ಲ. ಅವರು ದಿನಾ ಮಾಡ್ತಿದ್ದ ಕೆಲಸ ಏನಾದ್ರೂ ಮುಂದಿಟ್ಟು ನೋಡಿ" ಎಂದರು. ಮನೆಯಲ್ಲಿ ಉಳಿದದ್ದು ಅದೊಂದೇ ಪ್ರಶ್ನೆ. ಅಪ್ಪ ಒಳಗೆ ಇದ್ದಾರೋ ಇಲ್ಲವೋ.

ದಿನಾ ಮಾಡುತ್ತಿದ್ದ ಕೆಲಸ ಎಂದರೆ ಕ್ಯಾಲ್ಕುಲೇಟರು. ಅದು ಕಚೇರಿಯ ಮೇಜಿನ ಡ್ರಾದೊಳಗೆ ಬೀಗ ಹಾಕಿಕೊಂಡು ಕೂತಿತ್ತು. ನಾನು ಸೊರಬಕ್ಕೆ ಹೋಗಿ ಕೇಳಿದೆ. ಹೆಡ್ ಗುಮಾಸ್ತರು ಒಳ್ಳೆಯವರೇ, ಚಹಾ ತರಿಸಿದರು.

"ಡ್ರಾದಲ್ಲಿ ಕಚೇರಿ ಕಾಗದಾನೂ ಇದಾವಲ್ಲ ತಂಗಿ. ಏನೇನು ವಶಕ್ಕೆ ಕೊಟ್ರು ಅನ್ನೋ ಚಾರ್ಜ್ ಪಟ್ಟಿಗೆ ನಿಮ್ಮಪ್ಪಾರೇ ಸಹಿ ಮಾಡ್ದೇ ಹೋದ್ರೆ ಯಾರೂ ಬೀಗ ತೆಗೆಯಂಗಿಲ್ಲ."

"ಸಹಿ ಮಾಡೋ ಕೈಯೇ ಬಿದ್ದೋಗಿದೆಯಲ್ರೀ!"

"ಅದಕ್ಕೇ ಹೇಳಿದ್ದು ಮಾರಾಯ್ತಿ, ಹುಷಾರಾಗ್ಲಿ, ಬಂದು ಮಾಡ್ಲಿ. ನಮ್ಗೇನು ಅವಸರ ಇಲ್ಲ."

ಚಹಾ ಕುಡಿದು ಬಸ್ಸು ಹತ್ತಿದೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಬರುತ್ತಿರಲಿಲ್ಲ. ಬಸ್ಸಿನ ಕಿಟಕಿಯಾಚೆ ಗದ್ದೆ, ಜೋಳದ ಹೊಲ ಎಲ್ಲಾ ಇದ್ದವು, ಅಷ್ಟೇ.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ನಾನು ಪಾಠ ಹೇಳುತ್ತಿದ್ದೆ. ನಾಲ್ಕು ಕಂಪ್ಯೂಟರು, ಅದರಲ್ಲಿ ಎರಡು ಕೆಲಸ ಮಾಡುವಂಥವು. ಕೊಡದಿದ್ದರೆ ಬಿಡಲಿ, ನಾನೇ ಮಾಡುತ್ತೇನೆ ಎಂದುಕೊಂಡೆ. ಅಪ್ಪನ ಯಂತ್ರವನ್ನೇ ಪರದೆಯ ಮೇಲೆ ಕಟ್ಟಲು ಕೂತೆ. ಯಾವ ಗುಂಡಿ ಎಲ್ಲಿತ್ತು, ಯಾವುದರ ಮೇಲೆ ಹಳದಿ ಅಕ್ಷರ, ಯಾವುದರ ಕೆಳಗೆ ನೀಲಿ, ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. 'ಎಂಟರ್' ಗುಂಡಿ ಎರಡು ಸಾಲಿನಷ್ಟು ಉದ್ದ ಇತ್ತು. ಅದೂ ಹಾಗೇ ಬಂತು. ಕೀಬೋರ್ಡಿನ ಮೇಲೆ ಚೀಟಿ ಬರೆದು ಅಂಟಿಸಿದೆ. ಕರೆಂಟು ಹೋಗಿ ಎರಡು ಸಲ ಎಲ್ಲಾ ಅಳಿಸಿಹೋಯಿತು, ಎರಡು ಸಲ ಮತ್ತೆ ಬರೆದೆ. ಹೊರಗಿನ ಪ್ರಪಂಚಕ್ಕೆ ಅದರಿಂದ ಮೂರು ಕಾಸಿನ ಉಪಯೋಗವಿರಲಿಲ್ಲ. ಅಪ್ಪ ನೋಡಿ ಗುರುತು ಹಿಡಿದರೆ ನನಗೆ ಸಾಕಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ತೊಗರ್ಸಿಯಿಂದ ಬಂದಿದ್ದ ಸೋದರಮಾವ ಮತ್ತು ನಾನು ಸೇರಿ ಅಪ್ಪನನ್ನು ಆಟೋದಲ್ಲಿ ತರಬೇತಿ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಕುರ್ಚಿಯಲ್ಲಿ ಕೂರಿಸಿದೆವು. ಪರದೆಯ ಮೇಲೆ ತಮ್ಮ ಯಂತ್ರವನ್ನು ಕಂಡು ಅಪ್ಪ "ಆ" ಎಂದರು. ಮಾವ, "ನೋಡವಾ, ಗುರ್ತು ಸಿಕ್ತು!" ಎಂದು ನನ್ನ ಬೆನ್ನಿಗೆ ಬಡಿದ. ನಾನು ಕೀಬೋರ್ಡನ್ನು ಅಪ್ಪನ ಹತ್ತಿರಕ್ಕೆ ಸರಿಸಿದೆ.

ಅಪ್ಪ ಎಡಗೈ ಚಾಚಿದರು. ಕೈ ನಡುಗಿ ಎರಡೆರಡು ಗುಂಡಿ ಒಟ್ಟಿಗೇ ಒತ್ತಿಹೋದವು. ಅಳಿಸಿದೆ. ಮತ್ತೆ ಹಾಗೇ ಆಯಿತು. ಅವರಷ್ಟಕ್ಕೆ ಬಿಡಬೇಕಿತ್ತು, ಗಂಟೆಗಟ್ಟಲೆ ಆದರೂ ಬಿಡಬೇಕಿತ್ತು. ನನಗೆ ತಾಳ್ಮೆ ಇಲ್ಲ, ಮೊದಲಿಂದಲೂ ಇಲ್ಲ. "ಇರಿ ಅಪ್ಪ, ನಾನು ಒತ್ತುತೀನಿ, ನೀವು ನೋಡಿ" ಎಂದು ಅವರ ಕೈ ಸರಿಸಿ ನಾನೇ ಒತ್ತಿದೆ. ಒಂಬತ್ತು. ಸೈನ್, ಕಾಸ್, ಟ್ಯಾನ್. ಅದೇ ದಾರಿಯಲ್ಲಿ ಹಿಂದಕ್ಕೆ. ಪರದೆಯ ಮೇಲೆ 9.000000000 ಎಂದು ಮೂಡಿತು.

"ಒಂಬತ್ತು ಬಂತು ಅಪ್ಪ" ಎಂದೆ.

ಅಪ್ಪ ಮುಂದಕ್ಕೆ ಬಾಗಿದರು. ಎಡಗೈ ಬೆರಳನ್ನು ಪರದೆಯ ಮೇಲಿಟ್ಟು, ಒಂಬತ್ತರ ನಂತರದ ಸೊನ್ನೆಗಳ ಮೇಲೆ ಉಜ್ಜಿದರು. ಧೂಳಿದೆ ಎನ್ನುತ್ತಿದ್ದಾರೆಂದುಕೊಂಡು ಚೂಡಿದಾರದ ವೇಲಿನಿಂದ ಒರೆಸಿದೆ. ಮತ್ತೆ ಅಲ್ಲೇ ಉಜ್ಜಿದರು. ನಾನು ಮತ್ತೆ ಒರೆಸಿದೆ. ಮೂರನೆಯ ಸಲಕ್ಕೆ "ಆ, ಆ" ಎಂದು ಜೋರಾಗಿ ಕೂಗಿ, ನನ್ನ ಮುಖ ನೋಡಿ, ಕೀಬೋರ್ಡನ್ನು ತಳ್ಳಿಬಿಟ್ಟರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಕೂತರು.

"ಬಿಡು ಮಾವ, ಏನೂ ತಿಳಿಯಲ್ಲ ಇವರಿಗೆ" ಎಂದೆ. ಅಪ್ಪನ ಪಕ್ಕದಲ್ಲೇ ನಿಂತು ಎಂದೆ.

ಆ ಸಂಜೆ ಮನೆಯಲ್ಲಿ ಅಪ್ಪನ ಮಂಚದ ಪಕ್ಕದಲ್ಲೇ ಕೂತು ಮಾತಾಡಿದೆವು. ಅಪ್ಪನ ಕೈಗೆ ಎಟುಕುವಷ್ಟು ಹತ್ತಿರ. ಮಾವ ಕೆಟ್ಟವನಲ್ಲ, ಮನೆಯ ಚಿಂತೆ ಅವನಿಗೆ. "ಅಕ್ಕಾ, ಭಾವ ರಿಟೈರಾಗಕ್ಕೆ ಇನ್ನು ಮೂರು ತಿಂಗ್ಳು ಐತಿ. ರಿಟೈರಾದ ಮ್ಯಾಲೆ ಹೋದ್ರೆ ಹೋದಂಗೆ. ಸರ್ವಿಸ್ನಾಗೆ ಇದ್ದಾಗ್ಲೇ ಏನಾರ ಆದ್ರೆ ಹುಡುಗಿಗೆ ಅನುಕಂಪದ ಕೆಲ್ಸ ಸಿಗ್ತತಿ. ಇದ್ದದ್ದು ಇದ್ದಂಗೆ ಹೇಳ್ತೀನಿ, ಸಿಟ್ಟಾಗ್ಬ್ಯಾಡ" ಎಂದ.

ಅಮ್ಮ ಗಾಬರಿಯಿಂದ, "ಮೆತ್ತಗೆ ಮಾತಾಡೋ, ಕೇಳಿಸ್ಕೊಂತಾರೆ!" ಎಂದಳು.

"ಕೇಳಿಸಿದ್ರೂ ತಿಳಿಯಲ್ಲ ಬಿಡಮ್ಮ" ಎಂದವಳು ನಾನು. "ಇವತ್ತು ನೋಡಾಯ್ತಲ್ಲ."

ಅದಾಗಿ ಎರಡು ದಿನಕ್ಕೆ ಅಪ್ಪ ಊಟಕ್ಕೆ ಬಾಯಿ ತೆರೆಯುವುದನ್ನು ಕಡಿಮೆ ಮಾಡಿದರು. ಚಮಚ ತುಟಿಗೆ ತಾಗಿಸಿದರೆ ಬಾಯಿ ಬಿಗಿಯುತ್ತಿದ್ದರು. ನುಂಗುವ ಶಕ್ತಿ ಹೋಗುತ್ತಿದೆ, ಈ ಕಾಯಿಲೆಯಲ್ಲಿ ಹೀಗಾಗುತ್ತದೆ ಎಂದರು ಊರಿನ ಡಾಕ್ಟರು. ಮೂಗಿನ ನಳಿಗೆ ಹಾಕಿಸಿದೆವು, ಎಡಗೈಯಿಂದ ಕಿತ್ತುಕೊಂಡರು. ಕೈ ಕಟ್ಟಿ ಎಂದರು ಡಾಕ್ಟರು, ಅಮ್ಮ ಒಪ್ಪಲಿಲ್ಲ. ಬೇಸಿಗೆಯ ನಡುವೆ, ನಿವೃತ್ತಿಗೆ ಹತ್ತೊಂಬತ್ತು ದಿನ ಇರುವಾಗ ಹೋದರು. ನಾನು ಅಳಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕಿದ್ದು ನೆನಪಿದೆ.

ಮಾವ ಹೇಳಿದಂತೆಯೇ ಆಯಿತು. ಅರ್ಜಿ, ಪ್ರಮಾಣಪತ್ರ, ಓಡಾಟ ಎಲ್ಲಾ ಮುಗಿದು, ಮುಂದಿನ ವರ್ಷ ನನಗೆ ಅಪ್ಪನ ಇಲಾಖೆಯಲ್ಲೇ, ಸೊರಬದ ಅದೇ ಕಚೇರಿಯಲ್ಲೇ, ಗುಮಾಸ್ತೆ ಕೆಲಸ ಸಿಕ್ಕಿತು. ಅದೇ ಬೆಳಗಿನ ಬಸ್ಸು. ಮೊದಲ ವಾರದಲ್ಲೇ ಹೆಡ್ ಗುಮಾಸ್ತರು ಬೀಗದ ಕೈ ಹಿಡಿದುಕೊಂಡು ಬಂದರು.

"ಈಗ ವಾರಸುದಾರ್ರ ಸಹಿ ಆದ್ರೆ ಸಾಕು. ಬಾ ತಂಗಿ, ಡ್ರಾ ತೆಗೆದೇ ಬಿಡಾಣ."

ಕೆರೆಗಳ ನಕ್ಷೆ ನಾಲ್ಕು, ಒಂದು ಕನ್ನಡಕ, ಅರ್ಧ ಖಾಲಿಯಾದ ವಿಭೂತಿ ಉಂಡೆ, ತಳದಲ್ಲಿ ಚರ್ಮದ ಚೀಲದೊಳಗೆ ಕ್ಯಾಲ್ಕುಲೇಟರು. ಒತ್ತಿದೆ. ಇಷ್ಟು ದಿನವಾದರೂ ಜೀವ ಇತ್ತು. ಬೇರೆ ಏನು ಮಾಡಬೇಕೆಂದು ತೋಚದೆ ಒಂಬತ್ತು ಒತ್ತಿದೆ. ಸೈನ್, ಕಾಸ್, ಟ್ಯಾನ್, ಮತ್ತೆ ಹಿಂದಕ್ಕೆ. ಪರದೆಯಲ್ಲಿ 9.000417403 ಬಂತು.

ತಪ್ಪು ಒತ್ತಿದೆನೆಂದುಕೊಂಡು ಇನ್ನೊಮ್ಮೆ ಮಾಡಿದೆ. ಅದೇ ಬಂತು. ಯಂತ್ರವನ್ನು ಮಗುಚಿ ನೋಡಿದೆ. ಬೆನ್ನಿಗೆ ಅಂಟಿಸಿದ್ದ ಹಳದಿಗಟ್ಟಿದ ಚೀಟಿಯಲ್ಲಿ ಅಪ್ಪನ ಅಕ್ಷರವಿತ್ತು. '9.000417403. ಈ ಬಾಲ ಬಂದರೆ ಮಷೀನು ಸರಿ. ಬರದಿದ್ದರೆ ಇದರ ಲೆಕ್ಕ ನಂಬಬೇಡ.'

ಆ ಪುಟ್ಟ ಯಂತ್ರ ಹತ್ತೇ ಅಂಕಿ ಇಟ್ಟುಕೊಂಡು ಲೆಕ್ಕ ಮಾಡುತ್ತಿತ್ತು. ಹೆಜ್ಜೆ ಹೆಜ್ಜೆಗೂ ಒಂಚೂರು ಉದುರಿ, ಕೊನೆಗೆ ಒಂಬತ್ತರ ಹಿಂದೆ ಈ ಬಾಲ ಉಳಿಯುತ್ತಿತ್ತು. ಕಂಪ್ಯೂಟರು ಹೆಚ್ಚು ಅಂಕಿ ಹಿಡಿದುಕೊಂಡು ನುಣ್ಣಗಿನ ಒಂಬತ್ತು ಕೊಟ್ಟಿತ್ತು. ಅಪ್ಪ ಧೂಳು ಒರೆಸಿರಲಿಲ್ಲ. ಬಾಲ ಎಲ್ಲಿ ಎಂದು ಕೇಳಿದ್ದರು. ಮೂರು ಸಲ ಕೇಳಿದ್ದರು. ಅಷ್ಟು ತಿಳಿದವರಿಗೆ ಆ ಸಂಜೆಯ ಮಾತೂ ತಿಳಿದಿತ್ತು. ಮೂರು ತಿಂಗಳು ಎಂದರೆ ಎಷ್ಟು ದಿನ ಎನ್ನುವುದೂ ತಿಳಿದಿತ್ತು. ಚಮಚಕ್ಕೆ ಬಾಯಿ ಬಿಗಿದದ್ದು ನುಂಗಲಾರದೆ ಅಲ್ಲ.

"ಕೆಲಸ ಮಾಡ್ತದಾ?" ಎಂದರು ಹೆಡ್ ಗುಮಾಸ್ತರು, ಪಟ್ಟಿಯಲ್ಲಿ ಬರೆಯಲು ಪೆನ್ನು ಹಿಡಿದು.

"ಮಾಡ್ತದೆ ಸಾರ್, ಸರಿಯಾಗಿದೆ" ಎಂದು ಸಹಿ ಹಾಕಿದೆ.

ಭಾನುವಾರ ತರಬೇತಿ ಕೇಂದ್ರಕ್ಕೆ ಹೋಗಿ ನನ್ನ ಹಳೆಯ ಪ್ರೋಗ್ರಾಂ ತೆಗೆದೆ. ಪ್ರತಿ ಹೆಜ್ಜೆಯಲ್ಲೂ ಹತ್ತೇ ಅಂಕಿ ಉಳಿಸಿಕೋ ಎಂದು ನಾಲ್ಕು ಸಾಲು ಸೇರಿಸಿದೆ. ಒಂಬತ್ತು ಒತ್ತಿದೆ. ಬಾಲ ಬಂತು. ಕಾಲು ಗಂಟೆಯ ಕೆಲಸ. ಪಕ್ಕದ ಖಾಲಿ ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿ ಕಂಪ್ಯೂಟರ್ ಆರಿಸಿದೆ.

ಮನೆಗೆ ಬಂದಾಗ ಓಣಿಯ ಹೆಂಗಸೊಬ್ಬರು ಅಮ್ಮನ ಜೊತೆ ಪಡಸಾಲೆಯಲ್ಲಿ ಕೂತಿದ್ದರು. ಅಮ್ಮ ಎಲ್ಲರಿಗೂ ಹೇಳುವುದನ್ನೇ ಅವರಿಗೂ ಹೇಳುತ್ತಿದ್ದಳು. "ಕೊನೀಗೆ ಅವರಿಗೆ ಏನೂ ತಿಳೀತಿರ್ಲಿಲ್ಲ ಬಿಡ್ರೀ, ಯಾವುದೂ ಮನಸ್ಸಿಗೆ ಹಚ್ಕೊಳ್ದೆ ಹೋದ್ರು. ಅದೊಂದು ಪುಣ್ಯ." ಆಮೇಲೆ ನನ್ನ ಕಡೆ ತಿರುಗಿ, "ಅಲ್ಲೇನೇ?" ಎಂದಳು.

"ಹೂಂ ಅಮ್ಮ" ಎಂದು ಒಳಗೆ ಹೋದೆ.