ತಿರುಗುವ ಮುನ್ನ ಒಂದು ಉಸಿರು

ವರ್ತೂರಿನ ನಮ್ಮ ಮನೆಯ ತಾರಸಿಯ ಮೇಲೆ ನನ್ನ ಟೇಕ್ವಾಂಡೊ ಬಟ್ಟೆಯನ್ನು ಹಿಂಡಿ ಒಣಹಾಕುತ್ತಿದ್ದಾಗ ಆ ಫೋನ್ ಬಂತು. ಕರಿ ಬೆಲ್ಟಿನವರ ಪರೀಕ್ಷೆ ನಡೆಸುವ ಹುಡುಗ ಮಾತಾಡಿದ್ದು. "ಮೇಡಂ, ಪ್ಯಾನೆಲ್‌ನಲ್ಲಿ ಒಬ್ರು ಕಮ್ಮಿ ಆಗ್ಬಿಟ್ಟಿದ್ದಾರೆ. ಭಾನುವಾರ ಮಹದೇವಪುರಕ್ಕೆ ಬಂದ್ಬಿಡಿ, ಪ್ಲೀಸ್." ಆಯ್ತಪ್ಪ ಎಂದೆ. ಯಾರ್‍ಯಾರು ಪರೀಕ್ಷೆಗೆ ನಿಲ್ಲುತ್ತಾರೆ ಎಂದು ಸುಮ್ಮನೆ ಕೇಳಿದೆ. ಅವನು ಓದುತ್ತಾ ಹೋದ ಹೆಸರುಗಳ ನಡುವೆ ನನ್ನ ಮಾಸ್ಟರ್ ಹೆಸರು ಬಂತು. ಕೈಯಲ್ಲಿದ್ದ ಕ್ಲಿಪ್ಪು ಕೆಳಗಿನ ಬಾಡಿಗೆಯವರ ಅಂಗಳಕ್ಕೆ ಬಿತ್ತು.

ನನಗೆ ಒದೆಯುವುದನ್ನೂ, ಬೀಳುವುದನ್ನೂ, ಬಿದ್ದ ಮೇಲೆ ಮುಖ ಸಿಂಡರಿಸದೆ ಏಳುವುದನ್ನೂ ಕಲಿಸಿದವರು ಅವರು. ಅವರಿಗೆ ನಾನು ಮಾರ್ಕ್ಸ್ ಹಾಕುವುದೇ? ಅಯ್ಯೋ ಶಿವನೇ! ಮತ್ತೆ ಫೋನ್ ಮಾಡಿ, ನಾನು ಬರಲ್ಲ ಕಣಪ್ಪ, ಬೇರೆಯವರನ್ನ ನೋಡ್ಕೋ ಎಂದೆ. "ನೀವು ಬರ್ಲಿಲ್ಲ ಅಂದ್ರೆ ಟೆಸ್ಟೇ ಮುಂದಕ್ಕೆ ಹೋಗತ್ತೆ ಮೇಡಂ" ಎಂದ. ಹಾಗೆ ಮುಂದಕ್ಕೆ ಹೋದರೆ ಮಾಸ್ಟರ್ ಕೆಲಸವೇ ಹೋಗುತ್ತಿತ್ತು. ಅವರ ಬಳಿ ಇದ್ದ ಸರ್ಟಿಫಿಕೇಟುಗಳನ್ನು ಕೊಟ್ಟ ಸಂಘ ಎಂದೋ ಒಡೆದು ಚೂರಾಗಿತ್ತು. ಅವರು ಕಲಿಸುತ್ತಿದ್ದ ಬೊಮ್ಮಸಂದ್ರದ ಶಾಲೆಯವರು, ಈ ಪರೀಕ್ಷೆ ಪಾಸಾದವರಿಗೆ ಕೊರಿಯಾದಿಂದ ಬರುವ ಸರ್ಟಿಫಿಕೇಟು ಈ ಟರ್ಮ್ ಮುಗಿಯುವುದರೊಳಗೆ ಬೇಕು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು. ತಲೆ ನರೆತ ಮಾಸ್ಟರ್ ಹುಡುಗರ ಜೊತೆ ಸಾಲಿನಲ್ಲಿ ನಿಲ್ಲಬೇಕಾಗಿ ಬಂದದ್ದು ಹೀಗೆ. ನಾನೋ, ನಾನು ಮಕ್ಕಳಿಗೆ ಕಲಿಸುವ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನವರು ಕೇಳಿದರೆಂದು ಆ ಸರ್ಟಿಫಿಕೇಟನ್ನು ಮೊದಲೇ ಮಾಡಿಸಿಕೊಂಡಿದ್ದೆ. ಕಾಗದದ ಲೆಕ್ಕದಲ್ಲಿ ನಾನು ಅವರಿಗಿಂತ ದೊಡ್ಡವಳಾಗಿ ಕೂತಿದ್ದೆ.

ಭಾನುವಾರ ಬರುವವರೆಗೂ ನನ್ನ ತಲೆ ಮೊಸರುಗಡಿಗೆಯಾಗಿತ್ತು. ಅದಕ್ಕೆ ಕಾರಣ ಪರೀಕ್ಷೆ ಮಾತ್ರವಲ್ಲ, ನಮ್ಮ ಮಾಸ್ಟರ್ ಕಲಿಸಿದ ಒಂದು ನಿಲುಗಡೆ. ಅದನ್ನು ಹೇಳಬೇಕಾದರೆ ಪೀಣ್ಯಕ್ಕೆ ಹೋಗಬೇಕು.

ನಾನು ಹುಟ್ಟಿ ಬೆಳೆದದ್ದು ಪೀಣ್ಯದಲ್ಲಿ. ಅಪ್ಪ ಅಲ್ಲಿನ ಒಂದು ಫ್ಯಾಕ್ಟರಿ ಶೆಡ್ಡಿನಲ್ಲಿ ಲೇತ್ ಮಿಷನ್ ಆಪರೇಟರ್. ಅದೇ ಶೆಡ್ಡಿನಲ್ಲಿ ಮಾಸ್ಟರ್ ಫಿಟ್ಟರ್ ಆಗಿದ್ದರು. ವಿಜಯಪುರದ ಕಡೆಯವರು, ಬೆಳಗಾವಿಯಲ್ಲಿ ಯಾರೋ ಮಿಲಿಟರಿಯವರಿಂದ ಟೇಕ್ವಾಂಡೊ ಕಲಿತು ಬಂದಿದ್ದರು. ರಜೆಯ ದಿನ ಬೆಳಿಗ್ಗೆ ಮಾಲೀಕರು ಶೆಡ್ಡಿನ ಬೀಗದಕೈ ಕೊಡುತ್ತಿದ್ದರು. ಕಬ್ಬಿಣದ ಸುರುಳಿ ಚೂರುಗಳನ್ನೆಲ್ಲ ಗುಡಿಸಿ, ರಟ್ಟು ಹಾಸಿ, ಮಿಷನ್ನುಗಳ ನಡುವೆ ಉಳಿದ ಜಾಗದಲ್ಲಿ ನಾವು ಒದೆ ಕಲಿಯುತ್ತಿದ್ದೆವು. ಮಧ್ಯದಲ್ಲೇ ಒಂದು ಕಬ್ಬಿಣದ ಕಂಬ. ಅದರ ಕೊಕ್ಕೆಗೆ ನಮ್ಮ ಚೀಲಗಳನ್ನು ನೇತುಹಾಕುತ್ತಿದ್ದೆವು. ಹುಡುಗಿ ನಾನೊಬ್ಬಳೇ. ಅಪ್ಪ ಪೇಪರ್ ಹಿಡಿದು ಬಾಗಿಲಲ್ಲೇ ಕೂತಿರುತ್ತಿದ್ದರು, ಒಂದು ಪುಟವನ್ನೂ ತಿರುಗಿಸದೆ.

ಟೇಕ್ವಾಂಡೊದಲ್ಲಿ ಪೂಮ್ಸೆ ಎಂದು ಒಂದಿದೆ. ಎದುರಿಗೆ ಶತ್ರು ಇದ್ದಾನೆಂದುಕೊಂಡು, ಗೊತ್ತುಮಾಡಿದ ಹೆಜ್ಜೆಯಲ್ಲಿ ಒಬ್ಬರೇ ತಡೆದು, ಹೊಡೆದು, ತಿರುಗುತ್ತಾ ಹೋಗುವುದು. ಕರಿ ಬೆಲ್ಟಿನವರ ಒಂದು ಪೂಮ್ಸೆಯಲ್ಲಿ ಎಡಗಾಲ ಮೇಲೆ ಇಡೀ ಮೈಯನ್ನು ಒಂದು ಸುತ್ತು ತಿರುಗಿಸಬೇಕು. ಅಲ್ಲಿ ನಮ್ಮ ಮಾಸ್ಟರ್ ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸುತ್ತಿದ್ದರು. ಮೊಣಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡು, ನಿಂತು, ಆಮೇಲೆ ತಿರುಗಬೇಕು. ಏಕೆ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಕ್ಲಾಸಿನಲ್ಲಿ ಏಕೆ ಎನ್ನುವ ಮಾತೇ ಇರಲಿಲ್ಲ. ಮಾಸ್ಟರ್ ಏನು ಹೇಳಿದರೂ "ಯೆಸ್ ಮಾಸ್ಟರ್" ಅಷ್ಟೆ.

ಮದುವೆಯಾಗಿ ವರ್ತೂರಿಗೆ ಬಂದೆ. ಆ ಶೆಡ್ಡು ಬೇರೆಯವರ ಕೈಗೆ ಹೋಯಿತು, ಮಾಸ್ಟರ್ ಬೊಮ್ಮಸಂದ್ರದ ಕಡೆ ಹೋದರು. "ಯಾರಿಗಮ್ಮಾ ಒದಿಯಕ್ಕೆ ಓಯ್ತೀಯ ದಿನಾ?" ಎಂದು ಅತ್ತೆ ಗೊಣಗುತ್ತಿರುವಾಗಲೇ ನಾನು ಅಪಾರ್ಟ್‌ಮೆಂಟುಗಳಲ್ಲಿ ಕ್ಲಾಸು ಶುರುಮಾಡಿದೆ. ಅಲ್ಲಿನ ತಾಯಂದಿರು ಎಲ್ಲದಕ್ಕೂ ಏಕೆ ಎನ್ನುವವರು. ಆ ತಿರುವಿನಲ್ಲಿ ಮಗು ಯಾಕೆ ನಿಲ್ಲಬೇಕು ಮೇಡಂ ಎಂದರು. ಗೊತ್ತಿಲ್ಲ ಎನ್ನಲು ನನ್ನ ಜಂಬ ಬಿಡಬೇಕಲ್ಲ! ತಿರುಗುವ ಮುಂಚೆ ಮನಸ್ಸು ನಿಲ್ಲಬೇಕು, ಮನಸ್ಸು ನಿಲ್ಲದೆ ಮೈ ತಿರುಗಬಾರದು ಎಂದುಬಿಟ್ಟೆ. ಬಾಯಿಗೆ ಬಂದದ್ದು. ಆದರೆ ಹೇಳುತ್ತಾ ಹೇಳುತ್ತಾ ನನಗೇ ಅದು ನಿಜವಾಗಿಬಿಟ್ಟಿತು. ಒಬ್ಬ ತಾಯಿಯಂತೂ ಕ್ಲಾಸಿನ ಟೀ ಶರ್ಟಿನ ಬೆನ್ನ ಮೇಲೆ 'ನಿಂತು ತಿರುಗು' ಎಂದು ಅಚ್ಚು ಹಾಕಿಸಿದಳು. ಮಕ್ಕಳು ಅದನ್ನು ತೊಟ್ಟು ಟೂರ್ನಮೆಂಟಿಗೆ ಬರುತ್ತಿದ್ದರು, ಅಲ್ಲಿ ನಿಂತೇ ತಿರುಗುತ್ತಿದ್ದರು, ಪಾಯಿಂಟ್ ಕಳೆದುಕೊಳ್ಳುತ್ತಿದ್ದರು. ನಾನು ರೆಫರಿಗಳ ಮೇಲೆ ಹರಿಹಾಯುತ್ತಿದ್ದೆ. ಮಿಕ್ಕವರೆಲ್ಲ ನಿಲ್ಲದೆ ತಿರುಗುವುದು ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಅವರ ಮಾಸ್ಟರುಗಳಿಗೆ ಗೊತ್ತಿಲ್ಲ, ನಮ್ಮ ಮಾಸ್ಟರ್‌ಗೆ ಗೊತ್ತಿದೆ ಎಂದುಕೊಂಡಿದ್ದೆ.

ಈಗ ಅದೇ ಮಾಸ್ಟರ್ ಪರೀಕ್ಷೆಯಲ್ಲಿ ನಿಂತು ತಿರುಗಿದರೆ? ಪ್ಯಾನೆಲ್ಲಿನ ಉಳಿದಿಬ್ಬರು ರೂಲ್ಸ್ ಪುಸ್ತಕವನ್ನು ಅರೆದು ಕುಡಿದವರು. ಮಾರ್ಕ್ಸ್ ಕತ್ತರಿಸುತ್ತಾರೆ, ಮಾಸ್ಟರ್ ಫೇಲಾಗುತ್ತಾರೆ, ಶಾಲೆ ಕೈಬಿಡುತ್ತದೆ. ನಿಲ್ಲಬೇಡಿ ಎಂದು ಮೊದಲೇ ಹೇಳೋಣವೆಂದರೆ, ಅವರು ಕಲಿಸಿದ್ದನ್ನು ಅವರಿಗೇ ತಪ್ಪು ಎಂದು ಯಾವ ಬಾಯಲ್ಲಿ ಹೇಳಲಿ? ಅದೂ ಅಲ್ಲದೆ ಅದು ತಪ್ಪು ಎಂದು ನನಗೇ ಅನಿಸಿರಲಿಲ್ಲ. ಹಾಗಾದರೆ ಸರಿ ಯಾವುದು? ನನಗೆ ತಲೆಬುಡ ತಿಳಿಯಲಿಲ್ಲ.

ತಡೆಯಲಾರದೆ ಬೊಮ್ಮಸಂದ್ರದ ಅವರ ಬಾಡಿಗೆ ಮನೆಗೆ ಹೋದೆ. ಶಿಫ್ಟ್ ಬಸ್ಸುಗಳ ಗದ್ದಲದ ರಸ್ತೆ. ಬಾಗಿಲು ತೆಗೆದವರೇ ಮಾಸ್ಟರ್ ಕುರ್ಚಿ ಎಳೆದು ನನಗೆ ಕೊಟ್ಟು ತಾವು ನಿಂತರು. ನಾನೂ ಕೂರಲಿಲ್ಲ. ಇಬ್ಬರೂ ಕುರ್ಚಿಯ ಅತ್ತ ಇತ್ತ ನಿಂತೇ ಇದ್ದೆವು. ಕೊನೆಗೆ ಅವರ ಹೆಂಡತಿಯೇ "ಯಾರರೆ ಒಬ್ಬರು ಕುಂದರ್ರಿ" ಎಂದು ಗದರಿ ಚಹಾ ಕೊಟ್ಟರು.

"ಮಾಸ್ಟರ್, ಪೂಮ್ಸೆ..." ಎಂದೆ. "ಮಂಡಿ ಹುಷಾರು ಮಾಸ್ಟರ್" ಎಂದು ಮುಗಿಸಿದೆ.

"ನಾನೂ ನಿನಗೊಂದು ಮಾತು ಹೇಳಬೇಕಂತಿದ್ದೆ" ಎಂದರು. ಆಮೇಲೆ ಏನೋ ನೆನೆದು, "ಇರ್ಲಿ ಬಿಡವ್ವಾ, ಮುಂದ ನೋಡೂಣು" ಎಂದರು. ನಾನು ಬಂದ ದಾರಿಗೆ ಸುಂಕವಿಲ್ಲ ಎನ್ನುವಂತೆ ವಾಪಸ್ಸು ಬಂದೆ.

ಪರೀಕ್ಷೆಯ ಬೆಳಿಗ್ಗೆ ನಾನೊಂದು ಉಪಾಯ ಮಾಡಿಕೊಂಡು ಹೋಗಿದ್ದೆ. ಉಳಿದಿಬ್ಬರು ಪರೀಕ್ಷಕರನ್ನು ಪಕ್ಕಕ್ಕೆ ಕರೆದು, "ನಮ್ಮ ಮಾಸ್ಟರ್ ಆ ತಿರುವಿನಲ್ಲಿ ನಿಲ್ತಾರೆ. ಅದು ನಮ್ಮ ಕಡೆಯ ಪದ್ಧತಿ. ಅದಕ್ಕೆ ಕತ್ತರಿ ಹಾಕ್ಬೇಡಿ" ಎಂದೆ.

"ರೂಲ್ಸ್‌ನಲ್ಲಿ ಹಂಗಿಲ್ವಲ್ಲ ಮೇಡಂ" ಎಂದ ಚಿಕ್ಕವನು.

ನನಗೆ ಮೈಯೆಲ್ಲ ಉರಿದುಹೋಯಿತು. "ರೂಲ್ಸ್ ಬರೆಯೋ ಮುಂಚೆ ಒದೆಯೋದು ಕಲಿತವರು ಕಣ್ರೀ ಅವರು! ಅದರ ಹಿಂದೆ ಒಂದು ಅರ್ಥ ಇದೆ. ಮನಸ್ಸು ನಿಲ್ಲೋದು ಅಂದ್ರೆ ನಿಮಗೇನು ಗೊತ್ತು?" ಎಂದು ರೇಗಿದೆ. ಅವನು ಹಿರಿಯವರ ಮುಖ ನೋಡಿದ. ಹಿರಿಯವರು, ಆಯ್ತಮ್ಮ ನೋಡೋಣ ಎಂದರು.

ನಮ್ಮಲ್ಲಿ ಸಾಲು ನಿಲ್ಲುವುದಕ್ಕೂ ಲೆಕ್ಕವಿದೆ. ದೊಡ್ಡ ದರ್ಜೆಯವರು ಬಲಕ್ಕೆ, ಚಿಕ್ಕವರು ಎಡಕ್ಕೆ. ಮಾಸ್ಟರ್ ತಮ್ಮ ಈಗಿನ ಕಾಗದಕ್ಕೆ ತಕ್ಕಂತೆ ಎಡತುದಿಯಲ್ಲಿ, ಕಾಲೇಜು ಹುಡುಗರ ಪಕ್ಕದಲ್ಲಿ ನಿಂತಿದ್ದರು. ಬೆಲ್ಟಿನ ಕರಿ ಬಣ್ಣ ಸವೆದು ಒಳಗಿನ ಬಿಳಿ ದಾರ ಕಾಣುತ್ತಿತ್ತು. ಎಲ್ಲರೂ ಬಾಗಿ ನಮಗೆ ವಂದಿಸಿದರು. ಪರೀಕ್ಷಕರು ಕೂತಲ್ಲೇ ತಲೆಯಾಡಿಸಿದರೆ ಸಾಕು. ನಾನು ಎದ್ದುನಿಂತು ಅವರಿಗಿಂತ ಕೆಳಗೆ ಬಾಗಿದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಹುಡುಗರು ಕಿಸಕ್ಕೆಂದರು. ಮಾಸ್ಟರ್ ನಗಲಿಲ್ಲ.

ಅವರ ಸರದಿ ಬಂತು. ಮೊದಲ ಹೆಜ್ಜೆ ಇಟ್ಟ ಕೂಡಲೇ ನನಗೆ ಪೀಣ್ಯದ ಎಣ್ಣೆ ವಾಸನೆ ಬಂದಂತಾಯಿತು. ತಡೆ, ಹೊಡೆತ, ತಡೆ. ವಯಸ್ಸಾಗಿದ್ದರೂ ಹೆಜ್ಜೆಗೆ ಅದೇ ಭಾರ. ಆ ತಿರುವು ಹತ್ತಿರ ಬಂದಾಗ ಮೇಜಿನ ಕೆಳಗೆ ನನ್ನ ಮೊಣಕೈಗಳು ತಾವೇ ಪಕ್ಕೆಗೆ ಅಂಟಿದವು. ಉಸಿರು ಹಿಡಿದೆ.

ಮಾಸ್ಟರ್ ನಿಲ್ಲಲಿಲ್ಲ. ಎರಡೂ ಕೈ ಅಗಲವಾಗಿ, ಒಂದೇ ಬೀಸಿಗೆ ಸುತ್ತು ತಿರುಗಿ, ಧಪ್ಪನೆ ಇಳಿದರು. ಪುಸ್ತಕದಲ್ಲಿ ಇದ್ದ ಹಾಗೆಯೇ.

ಪಕ್ಕದ ಚಿಕ್ಕವನು ಬಾಗಿ, "ಎಲ್ಲಿ ಮೇಡಂ, ನಿಲ್ಲಲೇ ಇಲ್ವಲ್ಲ?" ಎಂದ. ನಾನು ಕಕ್ಕಾಬಿಕ್ಕಿಯಾಗಿ ಕೂತಿದ್ದೆ. ಗೆದ್ದರಲ್ಲ ಎಂದು ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟು. ನನ್ನನ್ನು ನಡುದಾರಿಯಲ್ಲಿ ಬಿಟ್ಟು ಅವರೊಬ್ಬರೇ ಬಸ್ಸು ಹತ್ತಿ ಹೋದ ಹಾಗೆ ಅನಿಸಿತು. ಪರೀಕ್ಷೆಯ ಕೊನೆಗೆ ಮುರಿಯಬೇಕಾದ ಹಲಗೆಯನ್ನೂ ಒಂದೇ ಒದೆಗೆ ಮುರಿದರು. ನಾವು ಮೂವರೂ ಒಂದೇ ಮಾತಿನಲ್ಲಿ ಪಾಸ್ ಮಾಡಿದೆವು. ಶಾಲೆಯ ಕೆಲಸ ಉಳಿಯಿತು.

ಎಲ್ಲ ಮುಗಿದ ಮೇಲೆ ಹಿಂದಿನ ಪಾರ್ಕಿಂಗಿನಲ್ಲಿ ಹೊಂಗೆ ಮರದ ಕೆಳಗೆ ಅವರನ್ನು ಹಿಡಿದೆ. ಅಭಿನಂದನೆ ಹೇಳುವುದೂ ಮರೆತುಹೋಯಿತು. "ಮಾಸ್ಟರ್, ನೀವು ಯಾಕೆ ನಿಲ್ಲಲಿಲ್ಲ?" ಎಂದೆ, ಜಗಳಕ್ಕೆ ಬಂದವಳ ಹಾಗೆ.

"ಎಲ್ಲಿ?"

"ತಿರುಗೋ ಮುಂಚೆ! ಒಂದು ಉಸಿರು ನಿಂತು ತಿರುಗಬೇಕು ಅಂತ ನೀವೇ ತಾನೇ ಕಲಿಸಿದ್ದು?"

ಅವರು ನನ್ನ ಮುಖವನ್ನೇ ನೋಡಿದರು. "ಅಲ್ಲವ್ವಾ, ಆ ಶೆಡ್ಡಿನಾಗ ನಡುವ ಒಂದು ಕಬ್ಬಿಣದ ಕಂಬ ಇತ್ತಲ್ಲ, ನೆನಪೈತಿಲ್ಲೋ? ಹಂಗ ಕೈ ಬೀಸಿ ತಿರುಗಿದ್ರ ಮೊಣಕೈ ಒಡೀತಿತ್ತು. ಅದಕ್ಕ ನಿಂತು, ಕೈ ಒಳಗ ತಗೊಂಡು ತಿರುಗು ಅಂದಿದ್ದೆ. ಶೆಡ್ ಬಿಟ್ಟ ಮ್ಯಾಲೆ ನಾನೂ ಬಿಟ್ಟೆ. ಕಂಬ ಇಲ್ಲದಲ್ಲಿ ಯಾಕ ನಿಲ್ಲಬೇಕು?"

ಕಂಬ. ನಾನೇ ಚೀಲ ನೇತುಹಾಕುತ್ತಿದ್ದ ಕಂಬ. ವೈಟ್‌ಫೀಲ್ಡಿನ ನುಣುಪು ನೆಲದ ಕ್ಲಬ್ ಹೌಸಿನಲ್ಲಿ, ಪೀಣ್ಯವನ್ನು ಕಣ್ಣಲ್ಲೂ ನೋಡದ ಮಕ್ಕಳೆಲ್ಲ ನನ್ನ ಮಾತಿಗೆ ಆ ಕಂಬದಿಂದ ತಪ್ಪಿಸಿಕೊಳ್ಳುತ್ತಿದ್ದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ಮಾಸ್ಟರ್?"

"ಹ್ಯಾಂಗ ಹೇಳಲಿ? ನಿನ್ನ ಹುಡುಗರು ಟೂರ್ನಮೆಂಟಿನಾಗ ನಿಂತು ನಿಂತು ತಿರುಗೂದು ನಾನೂ ನೋಡೀನಿ. ಬೆನ್ನಿನ ಮ್ಯಾಲೆ ಬ್ಯಾರೆ ಬರಸ್ಕೊಂಡು ಬಂದಿದ್ರು. ಅಷ್ಟೂ ಹುಡುಗರು ನಿನ್ನ ಮುಂದ ಬಾಗೂದು ನೋಡಿ ನನಗ ಹೊಟ್ಟಿ ತುಂಬಿತ್ತು. ಅವ್ರ ಮುಂದ ನಿಮ್ಮ ಮೇಡಂ ಕಲಿಸಿದ್ದು ತಪ್ಪೈತಿ ಅನ್ಲೇನು? ಮೊನ್ನೆ ಮನಿಗೆ ಬಂದಾಗ ಹೇಳೂಣು ಅನಿಸ್ತು. ಈಗ ನೀನು ಪರೀಕ್ಷಾ ಮಾಡಾಕಿ. ಬಾಯಿ ಬರಲಿಲ್ಲ."

ನನಗೆ ಅವರಿಗೆ ಹೇಳಲು ಬಾಯಿ ಬರಲಿಲ್ಲ, ಅವರಿಗೆ ನನಗೆ ಹೇಳಲು ಬಾಯಿ ಬರಲಿಲ್ಲ. ಕುರ್ಚಿಯ ಅತ್ತ ಇತ್ತ ನಿಂತ ಹಾಗೆ ನಾವು ವರ್ಷಗಟ್ಟಲೆ ನಿಂತುಬಿಟ್ಟಿದ್ದೆವು. ನನಗೆ ನಿಜವಾಗಿ ಅಳು ಬಂತು. ನನ್ನ ತಪ್ಪನ್ನು ತಿದ್ದುವವರು ಇಷ್ಟು ದಿನ ಯಾರೂ ಇರಲಿಲ್ಲ ಎನ್ನುವುದು ಆಗಲೇ ಗೊತ್ತಾದದ್ದು.

ಪರೀಕ್ಷಕರ ಕೋಟು ಬಿಚ್ಚಿ ಯಾರದೋ ಸ್ಕೂಟರಿನ ಮೇಲೆ ಎಸೆದೆ. ಚಪ್ಪಲಿ ಬಿಟ್ಟೆ. "ಈಗ ಹೇಳಿಕೊಡಿ ಮಾಸ್ಟರ್" ಎಂದು ಅವರಿಗೆ ಬಾಗಿ ಪೂಮ್ಸೆ ಶುರುಮಾಡಿದೆ. ಅವರು ಬೇಡವೆನ್ನಲಿಲ್ಲ. ಕೈಕಟ್ಟಿ, ಪೀಣ್ಯದಲ್ಲಿ ನಿಲ್ಲುತ್ತಿದ್ದ ಹಾಗೆಯೇ ನಿಂತರು. ತಡೆ, ಹೊಡೆತ, ತಡೆ. ಆ ತಿರುವು ಬಂತು. ನಿಲ್ಲಬಾರದು ಎಂದು ಗೊತ್ತಿದ್ದರೂ ಮೈ ಕೇಳಲಿಲ್ಲ. ಮೊಣಕೈ ಪಕ್ಕೆಗೆ ಅಂಟಿತು, ಉಸಿರು ಕಟ್ಟಿತು, ನಿಂತುಬಿಟ್ಟೆ.

ಹಿಂದಿನಿಂದ ಶೆಡ್ಡಿನ ತಗಡು ಅದುರಿಸುತ್ತಿದ್ದ ಅದೇ ದನಿ ಬಂತು. "ಕಂಬ ಇಲ್ಲವ್ವಾ! ತಿರುಗು!"

"ಯೆಸ್ ಮಾಸ್ಟರ್" ಎಂದು ಕೂಗಿ, ಕೈ ಬಿಚ್ಚಿ ತಿರುಗಿದೆ.