ಅರಳಿಮರದ ಬುಡದಲ್ಲಿ ಬಿಟ್ಟದ್ದು

ಬೆಂಗಳೂರಿನಿಂದ ಹೊರಡುವಾಗಲೇ ಅಮ್ಮ ಗಾಜು ಒಡೆದ ಲಕ್ಷ್ಮಿಯ ಫೋಟೋವನ್ನು ಬ್ಯಾಗಿಗೆ ಹಾಕಿಕೊಂಡಿದ್ದಳು. ಒಡೆದದ್ದು ಮನೆಯಲ್ಲಿರಬಾರದು, ದೇವರನ್ನು ಕಸಕ್ಕೆ ಹಾಕುವಂತೆಯೂ ಇಲ್ಲ. ಚನ್ನಪಟ್ಟಣದ ಪಾರ್ಕಿನಲ್ಲಿ ಹಳೆಯ ಅರಳಿಮರ ಕಂಡದ್ದೇ, ಹೂವು ಮುಡಿಸಿ ಅದರ ಬುಡಕ್ಕೆ ಒರಗಿಸಿದೆವು.

ಆಮೇಲೆ ನಾನು ಮರ ನೋಡುತ್ತ ಒಂದು ಸುತ್ತು ಹೊರಟೆ. ನಾಲ್ಕು ಜನ ಕೈ ಹಿಡಿದು ನಿಂತರೂ ತಬ್ಬಲಾಗದ ಕಾಂಡ. ಕೆಳಗೆ ಗಾಳಿಯೇ ಇಲ್ಲ, ಮೇಲೆ ಮಾತ್ರ ಎಲೆಗಳ ಸದ್ದು. ಹಿಂಬದಿಗೆ ಬಂದರೆ ಬೇರುಗಳ ನಡುವೆ ಮುರಿದ ಫ್ರೇಮುಗಳು, ಗಾಜಿನ ಚೂರುಗಳು. ಬರಿಗಾಲಿನ ಹೆಂಗಸೊಬ್ಬಳು ಕೂತು ಚೂರುಗಳನ್ನು ಆಯ್ದು ಡಬ್ಬಕ್ಕೆ ಹಾಕುತ್ತಿದ್ದಳು.

“ಇಂಥ ಮರದ ಕೆಳಗೆ ಇದನ್ನೆಲ್ಲ ತಂದು ಹಾಕೋಕೆ ಜನಕ್ಕೆ ನಾಚಿಕೆ ಆಗಲ್ವಾ?” ಎಂದು ರೇಗಿದೆ.

“ಏನ್ಮಾಡದು ಸಾರ್, ಮರ ಸುತ್ತಾಕೆ ದಿನಾ ಬತ್ತೀನಿ. ಮೊನ್ನೆ ನನ್ ಕಾಲ್ಗೇ ಚುಚ್ಚಿಬುಡ್ತು” ಎನ್ನುತ್ತ ಎದ್ದು, ನಾವು ಬಂದ ಬದಿಗೆ ನಡೆದಳು. ನಮ್ಮ ಫೋಟೋ ನೆನಪಾದದ್ದು ನನಗೆ ಆಗಲೇ. ಅವಳ ಹಿಂದೆಯೇ ಹೋದೆ.

ಲಕ್ಷ್ಮಿಯ ಮೇಲಿನ ಕನಕಾಂಬರ ಇನ್ನೂ ಬಾಡಿರಲಿಲ್ಲ. ಹೆಂಗಸು ಅದನ್ನು ನೋಡಿದಳು. ಪಕ್ಕದಲ್ಲೇ ಅಮ್ಮ ಪ್ರದಕ್ಷಿಣೆಗೆಂದು ಚಪ್ಪಲಿ ಬಿಡುತ್ತಿದ್ದಳು. ಮುಡಿಯಲ್ಲಿ ಅದೇ ಮಾಲೆಯ ಉಳಿದ ತುಂಡು. ಹೆಂಗಸು ಅದನ್ನೂ ನೋಡಿದಳು.

ನಾನು ತಲೆಯೆತ್ತಿ ಎಲೆ ನೋಡತೊಡಗಿದೆ.

“ಚಪ್ಲಿ ಆಕ್ಕಂಡೇ ಸುತ್ರವ್ವಾ” ಎಂದಳು ಅಮ್ಮನಿಗೆ, “ಗಾಜೈತೆ.”